ಜಂಬಿಟ್ಟಿಗೆಗೆ ಯಾವ ಸಂಖ್ಯೆ

ಇಟ್ಟಿಗೆ ಸುಡಲು ಸೌದೆ ಬೇಕು, ಇಲ್ಲವೇ ಕಲ್ಲಿದ್ದಲು ಬೇಕು. ಹೊಸನಗರ ತಾಲ್ಲೂಕಿನ ನಿಟ್ಟೂರಿನ ಹತ್ತಿರದ ಶ್ರೀಕರ ಎಂಬವನ ಘಟಕ ಐದು ವರ್ಷಗಳಿಂದ ವರ್ಷಕ್ಕೆ ಒಂದೂವರೆ ಲಕ್ಷ ಇಟ್ಟಿಗೆ ತಯಾರಿಸುತ್ತಿತ್ತು; ಆದರೆ ಒಂದು ಕಡ್ಡಿ ಸೌದೆಯನ್ನೂ ಸುಟ್ಟಿರಲಿಲ್ಲ. ಹಾಗೆಂದು ಕಾಗದಗಳು ಹೇಳುತ್ತಿದ್ದವು. ಇಷ್ಟು ವರ್ಷ ಅದನ್ನು ಯಾರೂ ಪ್ರಶ್ನಿಸಿರಲಿಲ್ಲ. ಈ ಸಲ ಕಚೇರಿಯ ಕಂಪ್ಯೂಟರಿಗೆ ಹೊಸ ತಂತ್ರಾಂಶ ಬಂದಿತ್ತು. ಅದು ಸ್ವಪ್ನಾ ಭರ್ತಿ ಮಾಡಿದ ನಮೂನೆಯನ್ನು ಕೆಂಪು ಅಕ್ಷರದಲ್ಲಿ ವಾಪಸು ಕಳಿಸಿತು: ಇಂಧನ ಇಲ್ಲ, ಪರಿಶೀಲಿಸಿ.

ಸ್ವಪ್ನಾ ಸಾಗರದ ಅಂಕಿಅಂಶ ಕಚೇರಿಯಲ್ಲಿ ಗುತ್ತಿಗೆ ಮೇಲೆ ಕೆಲಸಕ್ಕಿದ್ದವಳು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳ ಸಣ್ಣ ಕಾರ್ಖಾನೆಗಳಿಗೆ ಹೋಗಿ, ಅಲ್ಲಿ ಏನೇನು ತಯಾರಾಗುತ್ತದೆ ಎಂದು ಕೇಳಿ, ಒಂದೊಂದು ಸರಕಿಗೂ ದಪ್ಪ ಪುಸ್ತಕದಿಂದ ಏಳಂಕಿಯ ಸಂಖ್ಯೆ ಹುಡುಕಿ ಬರೆಯುವುದು ಅವಳ ಕೆಲಸ. ಅಕ್ಕಿಗೊಂದು ಸಂಖ್ಯೆ, ತೌಡಿಗೊಂದು ಸಂಖ್ಯೆ, ಹಾಳೆತಟ್ಟೆಗೆ ಇನ್ನೊಂದು. ಆದರೆ ಕಳೆದ ವರ್ಷ ಶ್ರೀಕರನ ಘಟಕಕ್ಕೆ ಅವಳು ಹೋಗಿರಲಿಲ್ಲ. ಹಳೆಯ ಹಾಳೆ ನೋಡಿ, ಮೂವತ್ತೇಳರಿಂದ ಶುರುವಾಗುವ ಇಟ್ಟಿಗೆಯ ಸಂಖ್ಯೆಯನ್ನೇ ಇಳಿಸಿ, ಮಿಕ್ಕಿದ್ದನ್ನು ಫೋನಿನಲ್ಲಿ ಕೇಳಿ ಬರೆದಿದ್ದಳು. ಹೊಸಬರಿಗೆ ಎಲ್ಲರೂ ಹೇಳಿಕೊಡುತ್ತಿದ್ದ ದಾರಿ ಅದು. ಈ ವರ್ಷದ ನಮೂನೆಯನ್ನೂ ಹಾಗೆಯೇ ತುಂಬಿದ್ದಳು.

ಈಗ ಹೋಗದೆ ಗತ್ಯಂತರವಿರಲಿಲ್ಲ.

ನಿಟ್ಟೂರಿನಲ್ಲಿ ಬಸ್ಸಿಳಿದು ಆಟೊ ಹಿಡಿದು ಹೋದಾಗ ಮಾಲೀಕರು ಇರಲಿಲ್ಲ. ಮೇಸ್ತ್ರಿ ಜಟ್ಟಪ್ಪ ಎದುರಿಗೆ ಬಂದ. ತಲೆಗೂದಲಿನಿಂದ ಚಪ್ಪಲಿಯವರೆಗೆ ಕೆಂಪು ಧೂಳು ಮೆತ್ತಿಕೊಂಡಿದ್ದ.

"ಭಟ್ಟಿ ಎಲ್ಲಿದೆ?" ಎಂದು ಕೇಳಿದಳು ಸ್ವಪ್ನಾ.

"ಎಂತ ಭಟ್ಟಿ ಮೇಡಂ?"

"ಇಟ್ಟಿಗೆ ಸುಡೋ ಭಟ್ಟಿ."

ಜಟ್ಟಪ್ಪನಿಗೆ ನಗು ತಡೆಯಲಾಗಲಿಲ್ಲ. "ಬನ್ನಿ, ತೋರಿಸ್ತೀನಿ" ಎಂದು ಕರೆದುಕೊಂಡು ಹೋದ.

ಶೆಡ್ಡಿನ ಹಿಂದೆ ನೆಲವೇ ಮಾಯವಾಗಿತ್ತು. ಎರಡು ಆಳು ಆಳದ ಹೊಂಡ, ಗರಗಸ ಹಾಕಿದ ಹಾಗೆ ನೇರವಾಗಿ ಇಳಿದ ಕೆಂಪು ಗೋಡೆಗಳು. ಕೆಳಗೆ ಯಂತ್ರವೊಂದು ಕಿರುಚುತ್ತ ನೆಲದಲ್ಲಿ ಗೆರೆ ಕೊಯ್ಯುತ್ತಿತ್ತು. ಕೊಯ್ದ ಕಲ್ಲುಗಳನ್ನು ಹೆಂಗಸರು ಹೊತ್ತು ತಂದು ಮೇಲೆ ನಿಂತಿದ್ದ ಲಾರಿಗೆ ತುಂಬುತ್ತಿದ್ದರು.

"ಇದೇ ನೋಡಿ ನಮ್ ಜಂಬಿಟ್ಟಿಗೆ. ಸುಡದು ಬೇಯ್ಸದು ಎಂತ ಇಲ್ಲ. ಭೂಮೀಲೇ ಇರ್ತದೆ, ನಾವು ಕೊಯ್ದು ತೆಗೆಯದು ಅಷ್ಟೆ."

ಸ್ವಪ್ನಾ ತೀರ್ಥಹಳ್ಳಿಯವಳು. ಅವಳ ತವರಿನ ಗೋಡೆಯೂ ಜಂಬಿಟ್ಟಿಗೆಯದ್ದೇ. ಆದರೂ ಕಾಗದದ ಮೇಲೆ ಇಟ್ಟಿಗೆ ಎಂದು ಕಂಡಾಗ ಅದು ಅವಳಿಗೆ ಹೊಳೆದಿರಲಿಲ್ಲ. ಹೊಂಡದ ಅಂಚಿನಲ್ಲಿ ನಿಂತು ಪುಸ್ತಕ ತೆರೆದಳು. ನೆಲದಿಂದ ತೆಗೆದ ಕಲ್ಲು, ಮರಳು, ಮಣ್ಣು ಎಲ್ಲವೂ ಹದಿನೈದರಿಂದ ಶುರುವಾಗುವ ಪುಟಗಳಲ್ಲಿದ್ದವು. ಇದು ತಯಾರಿಸಿದ ವಸ್ತುವಲ್ಲ, ಅಗೆದು ತೆಗೆದದ್ದು. ಇದು ಕಾರ್ಖಾನೆಯೇ ಅಲ್ಲ.

ಲಾರಿಗೆ ಕಲ್ಲು ತುಂಬುತ್ತಿದ್ದ ಹುಲಿಯಮ್ಮ ಎಂಬಾಕೆ ಸೆರಗಿನಿಂದ ಮುಖ ಒರೆಸಿಕೊಂಡು ಹತ್ತಿರ ಬಂದಳು. ಒಂದೆರಡು ಸಲ ಕೆಮ್ಮಿದಳು.

"ಎಂತ ಬರ್ಕಳ್ತಿದ್ದೀರಿ ಮೇಡಂ?"

"ಇದು ಇಟ್ಟಿಗೆಯಲ್ಲ, ಕಲ್ಲು ಅಂತ."

"ಅದು ಎಲ್ರಿಗೂ ಗೊತ್ತಲ್ವಾ? ಬರೆದ್ರೆ ನಮಗೆ ಎಂತಾದ್ರೂ ಸಿಕ್ತದಾ?"

ಸ್ವಪ್ನಾ ಪುಸ್ತಕ ಮುಚ್ಚಿದಳು. "ಇಲ್ಲ ಕಣಮ್ಮ. ಈ ಕಾಗದದಿಂದ ಯಾರಿಗೂ ಎಂತದೂ ಸಿಗಲ್ಲ. ರಾಜ್ಯದಲ್ಲಿ ಏನು ಎಷ್ಟಿದೆ ಅಂತ ಗೊತ್ತಾಗ್ತದೆ, ಅಷ್ಟೆ."

"ಹಂಗಾರೆ ಸರಿಯಾಗೇ ಬರೀರಿ" ಎಂದು ಹುಲಿಯಮ್ಮ ಕೆಲಸಕ್ಕೆ ಮರಳಿದಳು.

ಮರುದಿನ ಸ್ವಪ್ನಾ ತಿದ್ದಿದ ನಮೂನೆಯನ್ನು ಮೇಲಧಿಕಾರಿ ಕೃಷ್ಣಕುಮಾರರ ಮೇಜಿನ ಮೇಲಿಟ್ಟಳು. ಕೃಷ್ಣಕುಮಾರ್ ಮೆತ್ತಗಿನ ಮನುಷ್ಯ. ನಿವೃತ್ತಿಗೆ ಏಳು ತಿಂಗಳಿತ್ತು. ಐದು ವರ್ಷದ ಹಿಂದೆ ಹೊಸನಗರ ತಾಲ್ಲೂಕು ಅವರ ಕೈಯಲ್ಲಿದ್ದಾಗ ಈ ಘಟಕಕ್ಕೆ ಮೊದಲ ಸಂಖ್ಯೆ ಬರೆದವರು ಅವರೇ. ಸ್ವಪ್ನಾಳ ಗುತ್ತಿಗೆ ಮುಂದುವರಿಯಬೇಕಾದರೆ ಶಿಫಾರಸು ಬರೆಯಬೇಕಾದವರೂ ಅವರೇ.

ಅವರು ನಮೂನೆಯನ್ನು ಎರಡು ಸಲ ಓದಿದರು.

"ಹೆಸರಲ್ಲೇ ಇಟ್ಟಿಗೆ ಇದ್ಯಲ್ಲಮ್ಮ."

"ಹೆಸರಲ್ಲಿ ಇದೆ ಸರ್. ಹೊಂಡದಲ್ಲಿ ಇಲ್ಲ."

"ಇದನ್ನ ಕಳಿಸಿದ್ರೆ ಐದು ವರ್ಷದ್ದು ಕೆದಕ್ತಾರೆ. ಇಂಧನದ ಕಡೆ ಏನೋ ಒಂದು ಅಂಕಿ ಹಾಕಿದ್ರೆ ಕಂಪ್ಯೂಟರ್ ಸುಮ್ಮನಾಗ್ತದೆ."

"ಕಳೆದ ವರ್ಷದ್ದು ನಾನೇ ಬರೆದದ್ದು ಸರ್. ಆಗ ನಾನು ನೋಡಿರಲಿಲ್ಲ. ಈಗ ನೋಡಿದ್ದೀನಿ."

ಕೃಷ್ಣಕುಮಾರ್ ನಮೂನೆಯನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು. ನಾಲ್ಕು ದಿನ ಅದರ ಮಾತೇ ಇರಲಿಲ್ಲ. ಸ್ವಪ್ನಾಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಅಂಜಿಕೆ ಹುಟ್ಟಿತ್ತು. ಬೇರೆ ಕೆಲಸ ನೋಡಿಕೊಳ್ಳಬೇಕಾದೀತು ಎಂದು ಗಂಡನ ಹತ್ತಿರ ಹೇಳಿಯೂ ಇಟ್ಟಳು.

ಐದನೆಯ ದಿನ ಬೆಳಿಗ್ಗೆ ಕೃಷ್ಣಕುಮಾರ್ ಕಚೇರಿಗೆ ಬರಲಿಲ್ಲ. ಸಂಜೆ ನಾಲ್ಕೂವರೆಗೆ ಬಂದರು. ಪ್ಯಾಂಟು ಮೊಣಕಾಲಿನವರೆಗೆ ಕೆಂಪಾಗಿತ್ತು.

"ಹೊಂಡದ ಏಣಿ ಇಳಿಯಕ್ಕೆ ಜಟ್ಟಪ್ಪ ಕೈ ಹಿಡ್ಕೊಂಡ" ಎಂದು ಕುರ್ಚಿಯಲ್ಲಿ ಕೂತು ಮೊಣಕಾಲು ಒತ್ತಿಕೊಂಡರು. "ಮೊದಲನೇ ವರ್ಷ ಶ್ರೀಕರನ ಮನೇಲಿ ಕೂತು ಕಾಫಿ ಕುಡಿದು ಬರ್ಕೊಂಡು ಬಂದಿದ್ದೆ. ಏನ್ ಮಾಡ್ತೀರಿ ಅಂದೆ, ಜಂಬಿಟ್ಟಿಗೆ ಅಂದ. ಹಿತ್ತಲಿಗೆ ಹೋಗಿ ನೋಡ್ಬೇಕು ಅಂತ ಅನ್ನಿಸ್ಲೇ ಇಲ್ಲ ನೋಡು."

ಡ್ರಾಯರ್ ತೆಗೆದು ನಮೂನೆಗೆ ಸಹಿ ಹಾಕಿದರು.

ನಿರೀಕ್ಷಿಸಿದಂತೆ ಬೆಂಗಳೂರಿನಿಂದ ಪತ್ರ ಬಂತು: ಐದು ವರ್ಷಗಳ ವ್ಯತ್ಯಾಸಕ್ಕೆ ಸಮಜಾಯಿಷಿ ನೀಡಿ. ಕೃಷ್ಣಕುಮಾರ್ ಹಾಳೆ ತೆಗೆದುಕೊಂಡು ಸ್ವಂತ ಕೈಯಲ್ಲಿ ಬರೆದರು. ಮೊದಲ ನಾಲ್ಕು ವರ್ಷ ತಾವು ಸ್ಥಳ ನೋಡದೆ ಸಂಖ್ಯೆ ನಮೂದಿಸಿದ್ದಾಗಿಯೂ, ತಪ್ಪು ತಮ್ಮದೆಂದೂ ಬರೆದು ಪೆನ್ನು ಕೆಳಗಿಟ್ಟರು. ಸ್ವಪ್ನಾ ಅದೇ ಹಾಳೆಯ ಕೆಳಗೆ, ಐದನೆಯ ವರ್ಷದ ನಮೂದು ತನ್ನದು ಎಂದು ಒಂದು ಸಾಲು ಸೇರಿಸಿದಳು.

"ನಿಂದು ಬೇಡವಾಗಿತ್ತು" ಎಂದರು ಅವರು.

"ಇರಲಿ ಸರ್."

ಅವರಿಗೆ ಎಚ್ಚರಿಕೆಯ ಪತ್ರ ಬಂತು. ಅದು ಸೇವಾ ಪುಸ್ತಕಕ್ಕೆ ಸೇರಿತು. ಅವಳ ಗುತ್ತಿಗೆ ವರ್ಷದ ಬದಲು ಆರು ತಿಂಗಳಿಗೆ ಮುಂದುವರಿಯಿತು. ಶ್ರೀಕರನ ಘಟಕ ಕಾರ್ಖಾನೆಗಳ ಪಟ್ಟಿಯಿಂದ ಹೊರಬಿದ್ದು, ಗಣಿಗಳ ಲೆಕ್ಕ ಹಿಡಿಯುವವರ ಪಾಲಾಯಿತು.

ಕೆಲವು ವಾರಗಳ ನಂತರ ಮುಖ್ಯ ಕಚೇರಿಯಿಂದ ಫೋನು ಬಂತು. ಹೊಸನಗರ ತಾಲ್ಲೂಕಿನ ಇಟ್ಟಿಗೆ ಉತ್ಪಾದನೆ ಒಮ್ಮೆಗೇ ಕುಸಿದಿದೆ, ಯಾವುದಾದರೂ ಕಾರ್ಖಾನೆ ಮುಚ್ಚಿದೆಯೇ ಎಂದು ಆ ಕಡೆಯವರು ಕೇಳಿದರು.

"ಮುಚ್ಚಿಲ್ಲ ಸರ್, ಕೆಲಸ ನಡೀತಾನೇ ಇದೆ" ಎಂದು ಸ್ವಪ್ನಾ ಕಡತ ತೆರೆದು, ಅವರು ಬರೆದುಕೊಳ್ಳಲು ಅನುಕೂಲವಾಗುವಂತೆ ಹಳೆಯ ಸಂಖ್ಯೆಯನ್ನೂ ಹೊಸ ಸಂಖ್ಯೆಯನ್ನೂ ನಿಧಾನವಾಗಿ ಓದಿ ಹೇಳಿದಳು.