ಹಾಜರಿಗೆ ಒಂದು ಕೂಸು

ಮೋರಟಗಿಯ ನಮ್ಮ ಓಣಿಯ ಅಂಗನವಾಡಿಯಲ್ಲಿ ನಾನು ಆಯಾ. ಬೆಳಿಗ್ಗೆ ಮನೆಮನೆಗೆ ಹೋಗಿ ಕೂಸುಗಳನ್ನು ಕರೆತರುವುದು ನನ್ನ ಕೆಲಸ. ಇದ್ದದ್ದು ಒಂದೇ ಖೋಲಿ. ಒಬ್ಬರಿಗೆ ನೆಗಡಿಯಾದರೆ ವಾರದಲ್ಲಿ ಎಲ್ಲರಿಗೂ. ತೊಂಬತ್ತೆಂಟರ ಚಳಿಯಲ್ಲಿ ಎರಡೂವರೆ ವರ್ಷದ ಭಾಗ್ಯಜ್ಯೋತಿಗೆ ನೆಗಡಿ ಬಿಡಲೇ ಇಲ್ಲ. ಎರಡೂ ಕಿವಿ ಸೋರತೊಡಗಿದವು.

ಸಿಂದಗಿಯ ಡಾಕ್ಟರು ಔಷಧ ಕೊಟ್ಟು, ಕಿವಿ ಒಣಗುವವರೆಗೆ ಎರಡು ತಿಂಗಳು ಬೇರೆ ಮಕ್ಕಳ ನಡುವೆ ಬಿಡಬೇಡಿ, ಕಿವಿಯಲ್ಲಿ ಏನೂ ಹಾಕಬೇಡಿ ಎಂದರಂತೆ. ತಾಯಿ ಸುನೀತಾ ಕೂಸನ್ನು ತನ್ನೊಂದಿಗೆ ಹೊಲಕ್ಕೇ ಒಯ್ಯತೊಡಗಿದಳು.

ಮೂರನೆಯ ವಾರ ಮೇಲಧಿಕಾರಿಗಳ ತಪಾಸಣೆಯಿತ್ತು. ಮಕ್ಕಳು ಕಡಿಮೆ ಕಂಡರೆ ಅಂಗನವಾಡಿಯನ್ನೇ ಬೇರೆ ಓಣಿಗೆ ಒಯ್ಯುತ್ತಾರೆಂದು ಟೀಚರ್ ವಿಜಯಲಕ್ಷ್ಮಿಗೆ ಅಂಜಿಕೆ. ಸುನೀತಾ ಓಣಿಯ ಹೆಂಗಸರೊಂದಿಗೆ ಕಡಲೆ ಕೀಳುತ್ತಿದ್ದ ಹೊಲಕ್ಕೆ ನಾನು ಹೋದೆ.

"ಬಂತ ನೋಡ್ರಿ ಗಿಡುಗ, ಮರಿ ಎತ್ತಾಕ," ಎಂದಳು ಕಾಶಿಬಾಯಿ. ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ.

ಸುನೀತಾ ಡಾಕ್ಟರರ ಮಾತು ಹೇಳಿದಳು.

"ದವಡಿ ಹಲ್ಲ ಬರೂ ಮುಂದ ಯಾವ ಕೂಸಿನ ಕಿವಿ ಸೋರೂದಿಲ್ಲವಾ?" ಎಂದೆ. "ನನ್ನ ಆರು ಮಕ್ಕಳು ಹಂಗ ಬೆಳದಾವ. ಕೊಡು, ನಾ ನೋಡ್ಕೊತೇನಿ."

ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟು ಅವಳು ಕೂಸನ್ನು ಕೊಟ್ಟಳು.

ತಪಾಸಣೆ ಮುಗಿದ ಮೇಲೂ ದಿನಾ ಕರೆತಂದೆ. ಕೀವು ಕಂಡಾಗಲೆಲ್ಲ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟು, ನೊಣ ಕೂಡದಿರಲೆಂದು ಅರಳೆ ತುರುಕಿದೆ. ಸೋರುವುದು ಹೊರಗೆ ಕಾಣದಾದಾಗ, ವಾಸಿಯಾಯಿತೆಂದು ಸುನೀತಾಳಿಗೆ ಹೇಳಿದವಳೂ ನಾನೇ.

ಕಾರಹುಣ್ಣಿಮೆಯ ಹೊತ್ತಿಗೆ ಕೂಸು ಕಲಿತಿದ್ದ ಮಾತುಗಳನ್ನೂ ಬಿಡುತ್ತ ಬಂತು. ಕರೆದರೆ ಬರುವುದಿಲ್ಲ, ಹಟಮಾರಿ ಎಂದು ಒಮ್ಮೆ ಬೆನ್ನಿಗೆ ಹೊಡೆದೆ. ಒಂದು ದಿನ ಉಪ್ಪಿಟ್ಟಿನ ಬೋಗುಣಿ ನನ್ನ ಕೈಜಾರಿ ಅವಳ ಹಿಂದೆಯೇ ಬಿತ್ತು. ಮಕ್ಕಳೆಲ್ಲ ಬೆಚ್ಚಿದವು. ಅವಳು ತಿರುಗಲಿಲ್ಲ.

ಕೀವು ಒಳಗಿನ ಎಲುಬನ್ನೂ ತಿಂದಿದೆ, ಇನ್ನು ಕೇಳಿಸುವುದು ಕಷ್ಟ ಎಂದರು ವಿಜಾಪುರದ ಡಾಕ್ಟರು. ಸುನೀತಾಳ ಜೊತೆ ನಾನೂ ಹೋಗಿದ್ದೆ. ಬರುವಾಗ ಬಸ್ಸು ಸಿಂದಗಿ ದಾಟಿದ ಮೇಲೆ ಅವಳು ಕೇಳಿದಳು, "ಆಯಿ, ಅವತ್ತ ನೀ ಹೊಲಕ್ಕ ಬರದಿದ್ರ?"

"ಕೇಳಸ್ತಿತ್ತವಾ," ಎಂದೆ.

ಮರುದಿನ ಅವಳೇ ಕೂಸನ್ನು ತಂದು ಮಕ್ಕಳ ನಡುವೆ ಕೂಡಿಸಿದಳು. ಹೊಲದಲ್ಲಿ ಟ್ರ್ಯಾಕ್ಟರ್ ಬಂದರೂ ಇದಕ್ಕೆ ಗೊತ್ತಾಗುವುದಿಲ್ಲ, ಇನ್ನೆಲ್ಲಿ ಬಿಡಲಿ ಎಂದಳು. ನನ್ನ ಮುಖ ನೋಡಲಿಲ್ಲ.

ಮಕ್ಕಳು ಪದ್ಯ ಹೇಳುವಾಗ ಭಾಗ್ಯಜ್ಯೋತಿ ಪಕ್ಕದವರನ್ನು ನೋಡಿ ತಾನೂ ಬಾಯಿ ತೆರೆಯುತ್ತಾಳೆ. ಪದ್ಯ ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೇ ತೆರೆದುಕೊಂಡಿರುತ್ತಾಳೆ.