ಕೈಗಾಡಿಯಲ್ಲಿದ್ದ ನಲವತ್ತು ಕೋಸು

ಮಧ್ಯಾಹ್ನ ತನ್ನ ಗೇಟಿನ ಪಕ್ಕ ನಿಂತಿದ್ದ ಕೈಗಾಡಿಯನ್ನು ಕಂಡು ಗಿಲ್‌ಸುಗೆ ನಗು ಬಂತು. ಗಾಡಿ ಅವನದೇ. ಬೆಳಿಗ್ಗೆ ಹಾದೊಂಗ್ ಅತ್ತಿಗೆ ತನ್ನ ಹೊಲದಿಂದ ಕೋಸು ತರಲು ಕೇಳಿ ಒಯ್ದಿದ್ದಳು. ಅವಳು ದಿಬ್ಬದ ಮೇಲಿನ ಮನೆಯ ವಿಧವೆ. ಹಾದೊಂಗ್ ಎಂಬ ಊರಿನಿಂದ ಮದುವೆಯಾಗಿ ಬಂದವಳಾದ್ದರಿಂದ ಊರವರೆಲ್ಲರ ಬಾಯಲ್ಲಿ ಆ ಹೆಸರು. ಈಗ ಗಾಡಿ ತುಂಬ ಉದ್ದನೆಯ ಕೋಸು. ಗಿಲ್‌ಸು ಎಣಿಸಿದ: ನಲವತ್ತು.

ಆ ಊರಿನಲ್ಲಿ ಎರವಲು ತಂದದ್ದನ್ನು ಯಾರೂ ಬರಿದಾಗಿ ಮರಳಿಸುವುದಿಲ್ಲ. ಹೋದ ವರ್ಷ ಹಾದೊಂಗ್ ಅತ್ತಿಗೆ ಇದೇ ಗಾಡಿಯಲ್ಲಿ ಮೂರು ಮೂಲಂಗಿ ಇಟ್ಟು ಮರಳಿಸಿದ್ದಳು. "ಒಂದು ಗಾಲಿಗೆ ಒಂದೂವರೆ ಮೂಲಂಗಿ ಬಾಡಿಗೆ" ಎಂದು ಗಿಲ್‌ಸು ಊರಿನ ಭವನದಲ್ಲಿ ಇಸ್ಪೀಟಾಡುತ್ತಿದ್ದವರನ್ನೆಲ್ಲ ನಗಿಸಿದ್ದ. ಆ ಮಾತು ದಿಬ್ಬ ಹತ್ತಿ ಅವಳ ಕಿವಿಗೆ ಬಿದ್ದಿದೆ, ಅದಕ್ಕೇ ಈ ಸಲ ಇಷ್ಟು ಎಂದುಕೊಂಡ.

"ನಲವತ್ತು ಯಾರಾದ್ರೂ ಸುಮ್ನೆ ಕೊಡ್ತಾರಾ? ಹೋಗಿ ಒಂದ್ಮಾತು ಕೇಳಿದ್ರೆ ನಿಮ್ಮ ಕಾಲೇನು ಸವೆಯುತ್ತಾ?" ಎಂದಳು ಹೆಂಡತಿ ಓಕ್‌ಬುನ್.

"ಕೊಟ್ಟವ್ರ ಮನೆಗೇ ಹೋಗಿ ಯಾಕೆ ಕೊಟ್ರಿ ಅಂತ ಕೇಳ್ಬೇಕಾ? ನಿಂದೊಳ್ಳೆ ಕಥೆ. ಚಾಕು ತಗೊಂಡು ಬಾ."

ಸಂಜೆಯೊಳಗೆ ನಲವತ್ತನ್ನೂ ಸೀಳಿ, ಚಳಿಗಾಲದ ಕಿಮ್ಚಿ ಉಪ್ಪಿನಕಾಯಿಗೆಂದು ಅಂಗಳದ ರಬ್ಬರ್ ತೊಟ್ಟಿಗಳಲ್ಲಿ ಉಪ್ಪುನೀರಿಗೆ ಹಾಕಿದ್ದಾಯಿತು.

ಮರುದಿನ ಬೆಳಿಗ್ಗೆ ಹಾದೊಂಗ್ ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಂದಳು. ಅವಳ ಕಿಮ್ಚಿಗೆ ಕೈಜೋಡಿಸಲು ಬಂದಿದ್ದ ಇಬ್ಬರು ಹೆಂಗಸರೂ ಜೊತೆಗಿದ್ದರು.

"ಗಾಡಿ ಎಲ್ಲಪ್ಪಾ ಗಿಲ್‌ಸು? ನಿನ್ನೆ ದಿಬ್ಬದ ಬುಡಕ್ಕೆ ಬರೋವಾಗ ಸೊಂಟ ಹಿಡ್ಕೊಂಡ್ಬಿಡ್ತು. ನಿನ್ನ ಗೇಟಿನ ಹತ್ರ ಬಿಟ್ಟು, ಹೇಗೋ ಮನೆ ಸೇರಿ ಮಲಗ್ದೆ. ನನ್ನ ಚಳಿಗಾಲವೆಲ್ಲಾ ಅದ್ರಲ್ಲೇ..."

ಮಾತು ಅಲ್ಲಿಗೇ ನಿಂತಿತು. ಅವಳು ತೊಟ್ಟಿಗಳನ್ನು ನೋಡಿದಳು, ಆಮೇಲೆ ಗಿಲ್‌ಸುವಿನ ಮುಖವನ್ನು. ಅವನ ಕಿವಿಗಳು ಬಿಸಿಯಾದವು. ಓಕ್‌ಬುನ್ ಅಡುಗೆಮನೆಯಿಂದ ಹೊರಗೆ ಬರಲಿಲ್ಲ.

"ಹೌದಲ್ಲಾ, ಉಪ್ಪು ಹಾಕಿಡು ಅಂತ ನಾನೇ ಹೇಳಿದ್ದೆ. ವಯಸ್ಸಾಯ್ತು ನೋಡಿ, ಮರ್ತೇಹೋಗಿತ್ತು" ಎಂದಳು ಹಾದೊಂಗ್ ಅತ್ತಿಗೆ.

ಹೆಂಗಸರಿಬ್ಬರೂ ಒಂದೊಂದು ಎಲೆ ಮುರಿದು ಬಾಯಿಗಿಟ್ಟರು. ಉಪ್ಪು ಹದವಾಗಿತ್ತು. ಗಿಲ್‌ಸು ಕೋಸು ತೊಳೆದು, ನೀರು ಬಸಿದು, ಗಾಡಿಗೆ ತುಂಬಿದ. ಅವನು ಮುಂದೆ ಎಳೆದ. ಮೂವರೂ ಹಿಂದಿನಿಂದ ತಳ್ಳಿದರು.

"ನಮ್ಮನೇಲೂ ಒಂದು ಗಂಡಸಿದೆ. ತಿಂದ ತಟ್ಟೆ ಎತ್ತಲ್ಲ" ಎಂದಳು ಜೊತೆಗೆ ಬಂದ ಹೆಂಗಸರಲ್ಲೊಬ್ಬಳು.

"ಗಿಲ್‌ಸುನ ಒಂದು ವಾರ ಕಳ್ಸು ಅಂತ ಓಕ್‌ಬುನ್‌ನ ಕೇಳೋಣ್ವಾ? ನಮ್ಮವ್ರಿಗೆ ಪಾಠ ಮಾಡ್ಲಿ!"

ಅವರು ನಕ್ಕಷ್ಟೂ ಗಿಲ್‌ಸು ಜೋರಾಗಿ ಎಳೆದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅರ್ಧ ದಿಬ್ಬ ಹತ್ತುವಷ್ಟರಲ್ಲಿ ಹೊಗಳಿಕೆ ಇಡೀ ಊರಿಗೆ ಹಬ್ಬುವುದು ಖಚಿತವಾಯಿತು. ಅವನ ಮನೆಯ ಹೊರಗೆ ಸತ್ಯ ಗೊತ್ತಿದ್ದವಳು ಹಾದೊಂಗ್ ಅತ್ತಿಗೆ ಒಬ್ಬಳೇ, ಅವಳು ಅದನ್ನು ಎಂದೂ ಹೇಳುವವಳಲ್ಲ. ಅವನು ನಿಂತ.

"ಅತ್ತಿಗೆ ನಂಗೇನೂ ಹೇಳಿರ್ಲಿಲ್ಲ" ಎಂದ, ತಿರುಗದೆ. "ಗಾಡಿ ಒಯ್ದಿದ್ದಕ್ಕೆ ನಂಗೇ ಕೊಟ್ಟಿದ್ದು ಅಂದ್ಕೊಂಡೆ. ನಾವೇ ತಿನ್ನೋಕೆ ಉಪ್ಪು ಹಾಕಿದ್ದು."

ನಗು ನಿಂತಿತು. ತಳ್ಳುತ್ತಿದ್ದ ಕೈಗಳೂ ಸಡಿಲಾದವು. ಅಷ್ಟೂ ಭಾರ ಅವನ ತೋಳಿಗೆ ಬಂತು.

"ಸುಮ್ನಿರೋಕಾಗ್ಲಿಲ್ವಾ ನಿಂಗೆ?" ಎಂದಳು ಹಾದೊಂಗ್ ಅತ್ತಿಗೆ. "ನಾನು ಮುಚ್ಚಿಟ್ಟಿದ್ದೂ ದಂಡ. ಎಳಿ, ನಿಂತ್ರೆ ಹಿಂದಕ್ಕೆ ಜಾರುತ್ತೆ."

ಅವನು ತಲೆ ತಗ್ಗಿಸಿ ಎಳೆದ. ಹಿಂದೆ ಎಷ್ಟು ಕೈಗಳಿವೆ ಎಂದು ತಿರುಗಿ ನೋಡಲಿಲ್ಲ.