ಹತ್ತು ಚೀಲಗಳ ಸಾಲು

ಶಿಗ್ಗಾಂವದ ಹೆದ್ದಾರಿಗೆ ಹತ್ತಿದ ಓಣಿಯಲ್ಲಿ, ಕಾಳಿನ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ, ಗುರುರಾಜರ ಕಂಪ್ಯೂಟರ್ ತರಗತಿ ನಡೆಯುತ್ತಿತ್ತು. ಅದು ೧೯೮೯ರ ಬೇಸಿಗೆ. ಯಂತ್ರ ಒಂದೇ, ಕಲಿಯುವವರು ಏಳು ಜನ. ಆದ್ದರಿಂದ ಐದು ದಿನ ಕಾಗದದ ಮೇಲೆ ಬರೆಯುವುದು, ಶನಿವಾರ ಒಬ್ಬೊಬ್ಬರು ಇಪ್ಪತ್ತು ನಿಮಿಷ ಯಂತ್ರದ ಮುಂದೆ ಕೂಡುವುದು ಎಂಬ ಕಟ್ಟುಪಾಡು.

ಹಿರೇಬೆಂಡಿಗೇರಿಯ ರೈತ ಕರಬಸಪ್ಪನ ಮಗಳು ಶೇಖವ್ವ ಬಿ.ಎಸ್ಸಿ. ಮುಗಿಸಿ ವರ್ಷವಾಗಿತ್ತು. ಅವಳ ಅಕ್ಷರ ಮುದ್ರಿಸಿದಂತೆ. ಅಂಚಿನ ಗೆರೆ ಎಳೆಯದೆ ಅವಳು ಪುಟ ಆರಂಭಿಸುತ್ತಿರಲಿಲ್ಲ. ತರಗತಿಗೆ ಸಹಾಯಕ ಶಿಕ್ಷಕರೊಬ್ಬರು ಬೇಕಾಗಿದ್ದರು. ಕೊನೆಯ ಶನಿವಾರ ಯಾರ ಪ್ರೋಗ್ರಾಮು ವೇಳೆಯೊಳಗೆ ಸರಿಯಾದ ಉತ್ತರ ಕೊಡುವುದೋ ಅವರಿಗೇ ಆ ಕೆಲಸ ಎಂದು ಗುರುರಾಜರು ಸಾರಿದ್ದರು. ಅಂದು ಆರು ಜನ ಕೂತು, ಸೋತು, ಎದ್ದಿದ್ದರು. ಉಳಿದವಳು ಶೇಖವ್ವ.

‘ಚೀಲ’ ಎಂಬ ಒಂದು ಕ್ಲಾಸು ಬರೆಯಬೇಕಾಗಿತ್ತು. ಕ್ಲಾಸೆಂದರೆ ನಮೂನೆ: ಚೀಲವೆಂದ ಮೇಲೆ ಅದಕ್ಕೊಂದು ಕಾಳು, ಒಂದು ತೂಕ, ಅವೆರಡನ್ನೂ ತೋರಿಸುವ ಬಗೆ. ಆ ನಮೂನೆಯಂತೆ ಹತ್ತು ಆಬ್ಜೆಕ್ಟುಗಳನ್ನು, ಅಂದರೆ ಹತ್ತು ಚೀಲಗಳನ್ನು, ಸಾಲಾಗಿ ನಿಲ್ಲಿಸಿದರೆ ಅದು ಅರೇ. ಸಾಲಿನ ಮೊದಲನೆಯದನ್ನು ಯಂತ್ರ ‘ಒಂದು’ ಎನ್ನುವುದಿಲ್ಲ, ‘ಸೊನ್ನೆ’ ಎನ್ನುತ್ತದೆ. ಪಾಠದ ದಿನ ಈ ಮಾತಿಗೆ ಉಳಿದವರು ತಲೆ ಕೆರೆದುಕೊಂಡಾಗ ಶೇಖವ್ವ ಮಾತ್ರ, ಇದರಲ್ಲೇನು ಹೊಸದು ಎಂಬಂತೆ, ಸುಮ್ಮನೆ ತಲೆಯಾಡಿಸಿದ್ದಳು.

ಅವಳು ಬರೆದು ತಂದ ಸಾಲುಗಳನ್ನೆಲ್ಲ ಟೈಪು ಮಾಡಿ ಓಡಿಸಿದಳು. ಮೊದಲು ಜೋಳ, ತೊಂಬತ್ತು ಕಿಲೋ. ಅದರ ಕೆಳಗೆ ಹೆಸರೇ ಇಲ್ಲದ ಒಂದು ಚೀಲ. ತೂಕ ಮೈನಸ್ ಇಪ್ಪತ್ತೆಂಟು ಸಾವಿರ. ಕೊನೆಗೆ ಬರಬೇಕಿದ್ದ ಕಡಲೆಯ ಸುಳಿವೇ ಇಲ್ಲ.

ಆಗಲೇ ಸೋತು ಎದ್ದು ಬಾಗಿಲಿಗೆ ಒರಗಿದ್ದ ಮಧ್ವೇಶ, ಸವಣೂರಿನ ವಕೀಲರ ಮಗ, ನಕ್ಕ. “ಏನ್ರಿ ಶೇಖವ್ವಾರ, ನಿಮ್ಮೂರ ಚೀಲ ನೆಲಕ್ಕ ಕೂಡೂದಿಲ್ಲೇನು? ಮುಗಲಿಗೆ ಹಾರತಾವೇನು?”

“ನಂದು ಒಂದ ಹಾರೇತಿ. ನಿಮ್ಮವು ಹತ್ತೂ ಹಾರಿದ್ದುವಲ್ರಿ,” ಎಂದಳು ಶೇಖವ್ವ, ತಿರುಗಿ ನೋಡದೆ.

ಏಳು ನಿಮಿಷ ಉಳಿದಿದ್ದವು. ಅವಳು ಕಾಗದದ ಮೇಲೆ ಬೆರಳಿಟ್ಟು ಮೆಲ್ಲಗೆ ಎಣಿಸತೊಡಗಿದಳು. “ಲಾಭ, ಎರಡು, ಮೂರು, ನಾಕು...”

“ತಡೀರಿ,” ಎಂದರು ಗುರುರಾಜರು. “ಒಂದು ಎಲ್ಲಿ ಹೋತು?”

“ಕಣದಾಗ ಒಂದು ಅನ್ನೂದಿಲ್ರಿ ಸರ್. ರಾಶಿ ಅಳಿಯೂ ಮುಂದ ಮೊದಲನೇದಕ್ಕ ಲಾಭ ಅಂತೀವಿ, ಆಮ್ಯಾಲೆ ಎರಡು. ನೀವು ಸೊನ್ನಿ ಅಂದ್ರಿ, ನಾ...” ಅವಳ ಬೆರಳು ಅಲ್ಲೇ ನಿಂತಿತು. “ನಾ ಅದನ್ನ ಲಾಭ ಅಂತ ತಿಳಕೊಂಡೇನಿ.”

ಸೊನ್ನೆಯ ನಂತರ ಅವಳು ನೇರವಾಗಿ ಎರಡಕ್ಕೆ ಹಾರಿದ್ದಳು. ಒಂದನೆಯ ಮನೆಗೆ ಏನನ್ನೂ ತುಂಬಿರಲಿಲ್ಲ. ಅಲ್ಲಿ ಬಿದ್ದಿದ್ದ ಕಸವನ್ನೇ ಯಂತ್ರ ತೂಗಿ ತೋರಿಸಿತ್ತು. ಸೊನ್ನೆಯಿಂದ ಎಣಿಸಿದರೆ ಸಾಲು ಒಂಬತ್ತಕ್ಕೇ ಮುಗಿಯುವುದರಿಂದ, ಕಡಲೆಯ ಚೀಲ ಹತ್ತು ಎಂಬ ಮನೆಗೆ, ಅಂದರೆ ಸಾಲಿನ ಆಚೆಗೆ, ಹೋಗಿ ಬಿದ್ದಿತ್ತು.

ಗುರುರಾಜರು ಗಡಿಯಾರ ನೋಡಿದರೇ ಹೊರತು ಸಹಾಯಕ್ಕೆ ಬರಲಿಲ್ಲ. ಬೇಕಾಗಿಯೂ ಇರಲಿಲ್ಲ. ಒಂಬತ್ತು ಸಾಲುಗಳಲ್ಲಿ ಒಂಬತ್ತು ಅಂಕಿಗಳನ್ನು, ಪ್ರತಿಯೊಂದರಲ್ಲೂ ಒಂದು ಕಡಿಮೆ ಮಾಡುತ್ತ, ಅವಳು ತಿದ್ದಿದಳು. ಅವಸರಪಡಲಿಲ್ಲ. ತಿದ್ದಿದ ಪ್ರತಿ ಸಾಲನ್ನೂ ಮತ್ತೊಮ್ಮೆ ಓದಿದಳು. ಆಮೇಲೆ ಓಡಿಸಿದಳು. ಯಂತ್ರ ಕೆಲಹೊತ್ತು ಗೊರಗುಟ್ಟಿತು. ಜೋಳ, ಗೋಧಿ, ತೊಗರಿ, ಕುಸುಬಿ ಎಂದು ಸಾಲು ಇಳಿಯುತ್ತ ಹೋಗಿ, ಕೊನೆಯಲ್ಲಿ ಕಡಲೆ ಬಂದು ನಿಂತಿತು. ಹತ್ತೂ ಸರಿ.

“ಒಂದೂವರಿ ನಿಮಿಷ ಇನ್ನೂ ಅದ,” ಎಂದರು ಗುರುರಾಜರು. “ಉತ್ತರ ಬರೋಬ್ಬರಿ ಅದ. ಸೋಮವಾರ ಒಂಬತ್ತಕ್ಕ ಬರ್ರಿ, ಹೊಸ ತಂಡಕ್ಕ ಮೊದಲನೇ ಪಾಠ ನಿಮ್ದು.”

“ಹಂಗಾರ ಇನ್ನ ಮೇಡಮ್ ಅನಬೇಕೇನ್ರಿ ಸರ್?” ಎಂದ ಮಧ್ವೇಶ.

“ಅನ್ರಿ, ರೂಢಿ ಆಗತೈತಿ,” ಎಂದಳು ಶೇಖವ್ವ. ಈ ಸಲ ಅವಳೂ ನಕ್ಕಳು.

ಸಂಜೆಯ ಬಸ್ಸಿನಲ್ಲಿ ಕಂಡಕ್ಟರ್ ಬಂದೇಸಾಬ ಎಂದಿನಂತೆ ಅವಳನ್ನು ದಾಟಿ ಮುಂದಿನ ಸೀಟಿಗೆ ಹೊರಟ. ಶೇಖವ್ವ ತಾನಾಗಿಯೇ ಕರೆದಳು.

“ನಂಗೊಂದು ಟಿಕೆಟ್ ಕೊಡ್ರಿ. ಹಿರೇಬೆಂಡಿಗೇರಿ.”

“ನಿನ್ನ ಹಂತ್ಯಾಕ ಪಾಸ್ ಐತಲ್ಲವಾ?”

“ಅದು ಕಲಿಯೋರ ಪಾಸ್ ಐತ್ರಿ,” ಎಂದಳು ಅವಳು, ಪಕ್ಕದವರಿಗೂ ಕೇಳುವಷ್ಟು ಸ್ಪಷ್ಟವಾಗಿ. “ಇವತ್ತಿನಿಂದ ನಾ ಕಲಿಸಾಕಿ. ಪೂರ್ತಿ ಟಿಕೆಟ್ ಹರೀರಿ.”